ಗಡಿ ದಾಟದ ಬ್ಯಾನಿ: ಜನಪದ ರೋಗಕಲ್ಪನೆ ಮತ್ತು ಎಚ್.ಐ.ವಿ. ಚಿಕಿತ್ಸೆಯ ನಿರಂತರತೆ

ಕನ್ನಡ ಜನಪದರ ರೋಗಕಲ್ಪನೆಯಲ್ಲಿ ಸಾಂಕ್ರಾಮಿಕ ವ್ಯಾಧಿಯು ಹೊರಗಿನಿಂದ ಬಂದು, ಮರಳಿ ಹೋಗುವ ಶಕ್ತಿ. ಸಿಡುಬು, ಕಾಲರಾ, ಪ್ಲೇಗುಗಳನ್ನು ಮಾರಿಯ ಆಗಮನವೆಂದು ಬಗೆದು, ವಾರ ಹಿಡಿದು, ಬೇವಿನ ಸೊಪ್ಪು ಮತ್ತು ಮೊಸರನ್ನದ ಎಡೆಯಿಂದ ಆಕೆಯನ್ನು ತಂಪುಗೊಳಿಸಿ, ಕೊನೆಗೆ ಊರ ಗಡಿ ದಾಟಿಸುವ ಆಚರಣೆಗಳು ನಾಡಿನ ಉದ್ದಗಲಕ್ಕೂ ಕಂಡುಬರುತ್ತವೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದ ತರುವಾಯ ಅಲ್ಲಿ ಪ್ಲೇಗಮ್ಮನ ಗುಡಿಗಳು ಹುಟ್ಟಿಕೊಂಡವು. 1997ರಲ್ಲಿ ಮಂಡ್ಯ ಜಿಲ್ಲೆಯ ಮೆಣಸಿಕ್ಯಾತನಹಳ್ಳಿಯಲ್ಲಿ ಶಾಲಾ ಶಿಕ್ಷಕರೊಬ್ಬರು ತಿಳಿವಳಿಕೆ ಮೂಡಿಸುವ ಸಲುವಾಗಿ ‘ಏಡ್ಸಮ್ಮ’ನ ಗುಡಿ ಕಟ್ಟಿದರು. ಹೊಸ ರೋಗವನ್ನೂ ಜನಪದವು ಹಳೆಯ ಅಚ್ಚಿನಲ್ಲಿಯೇ ಬರಮಾಡಿಕೊಂಡಿತು ಎಂಬುದಕ್ಕೆ ಇದು ನಿದರ್ಶನ.

ಆದರೆ ಎಚ್.ಐ.ವಿ. ಗಡಿ ದಾಟುವ ಬ್ಯಾನಿಯಲ್ಲ. ಭಾರತದಲ್ಲಿ 2004ರ ಏಪ್ರಿಲ್ 1ರಿಂದ ಸರ್ಕಾರಿ ಎ.ಆರ್.ಟಿ. ಕೇಂದ್ರಗಳಲ್ಲಿ ಉಚಿತ ಚಿಕಿತ್ಸೆ ಆರಂಭವಾಯಿತು. ಮೊದಲು ಮುಖ್ಯವಾಗಿ ಸಿ.ಡಿ.4 ಕಣಗಳ ಪ್ರಮಾಣ ಕುಸಿದವರಿಗೆ ದೊರೆಯುತ್ತಿದ್ದ ಔಷಧಿಯು 2017ರಿಂದ ಸೋಂಕು ದೃಢಪಟ್ಟ ಎಲ್ಲರಿಗೂ ಲಭ್ಯವಾಯಿತು. ಈ ಔಷಧಿಯು ವೈರಾಣುವನ್ನು ಅಡಗಿಸುತ್ತದೆಯೇ ಹೊರತು ದೇಹದಿಂದ ನಿರ್ಮೂಲ ಮಾಡುವುದಿಲ್ಲ. ಪ್ರತಿದಿನ ಸೇವಿಸಿದವರು ದೀರ್ಘಕಾಲ ಆರೋಗ್ಯದಿಂದ ಬಾಳಬಲ್ಲರು. ರಕ್ತದಲ್ಲಿ ವೈರಾಣು ಪತ್ತೆಯಾಗದ ಮಟ್ಟಕ್ಕೆ ಇಳಿದು ಹಾಗೆಯೇ ಉಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಸೋಂಕು ತಗಲುವುದೂ ಇಲ್ಲ. ಔಷಧಿ ನಿಲ್ಲಿಸಿದರೆ ವೈರಾಣು ಮತ್ತೆ ವೃದ್ಧಿಸುತ್ತದೆ. ಕ್ಷಯದಂತಹ ರೋಗಗಳಿಗೆ ದಾರಿಯಾಗುತ್ತದೆ. ಬಿಟ್ಟು ಬಿಟ್ಟು ಸೇವಿಸಿದರೆ ಔಷಧಿಗೆ ಬಗ್ಗದ ವೈರಾಣು ತಲೆಯೆತ್ತಬಹುದು.

ಚಿಕಿತ್ಸೆಯ ಎಳೆ ಕಡಿಯುವ ಬಗೆಗಳು ಹಲವು. ಮೈ ಹಗುರಾದಾಗ ‘ಬ್ಯಾನಿ ಹೋತು’ ಎಂದು ಮಾತ್ರೆ ಬಿಡುವುದು ಅವುಗಳಲ್ಲಿ ಒಂದು. ಮಾರಿ ಗಡಿ ದಾಟಿದಳೆಂಬ ನಂಬಿಕೆಯ ತರ್ಕವೇ ಇಲ್ಲಿಯೂ ಕೆಲಸಮಾಡುತ್ತದೆ. ಗುಳೇ ಹೋದವರು ಕೇಂದ್ರದಿಂದ ದೂರವಾಗುತ್ತಾರೆ. ಗುಟ್ಟು ರಟ್ಟಾಗುವ ಭಯದಿಂದ ಮಾತ್ರೆಯ ಡಬ್ಬಿಯನ್ನು ಮನೆಯಲ್ಲಿಡಲಾರದವರೂ ಉಂಟು. ಒಮ್ಮೆ ತಪ್ಪಿಸಿಕೊಂಡವರು ಬೈಗುಳಕ್ಕೆ ಅಂಜಿ ಮತ್ತೆ ಬರುವುದೇ ಇಲ್ಲ.

ಇಲ್ಲಿ ಜನಪದದ ಇನ್ನೊಂದು ಪರಿಕಲ್ಪನೆ ಗಮನಾರ್ಹವಾದುದು. ಅದು ‘ನಡೆದುಕೊಳ್ಳುವುದು’. ಮೈಲಾರಲಿಂಗ, ಮಲೆಯ ಮಾದೇಶ್ವರ, ಸವದತ್ತಿ ಎಲ್ಲಮ್ಮ ಮೊದಲಾದ ದೈವಗಳಿಗೆ ‘ನಡೆದುಕೊಳ್ಳುವ’ ಒಕ್ಕಲುಗಳಿವೆ. ಈ ಸಂಬಂಧವು ಕಷ್ಟ ಬಂದಾಗ ಆರಂಭವಾಗಿ ಕಷ್ಟ ಕಳೆದಾಗ ಮುಗಿಯುವುದಲ್ಲ. ಸುಖದಲ್ಲಿಯೂ ನಡೆಯಿಸಬೇಕಾದ ನೇಮ. ಅದಕ್ಕೆ ನಿಗದಿತ ದಿನವಿದೆ, ದಾರಿಗೆ ಜೊತೆಗಾರರಿದ್ದಾರೆ. ಎಚ್.ಐ.ವಿ. ಚಿಕಿತ್ಸೆಯ ಸ್ವರೂಪವು ಮಾರಿಯನ್ನು ಸಾಗಹಾಕುವ ಕ್ರಿಯೆಗಿಂತ ಈ ನಡೆದುಕೊಳ್ಳುವಿಕೆಗೇ ಹತ್ತಿರವಾದುದು. ‘ಗುಣವಾಗುವವರೆಗೆ ಮಾತ್ರೆ’ ಎಂಬುದರ ಬದಲು ‘ಮಾತ್ರೆಗೆ ನಡೆದುಕೊಳ್ಳುವುದು’ ಎಂಬ ನುಡಿಗಟ್ಟು ಆಪ್ತಸಮಾಲೋಚಕರಿಗೆ ಒದಗಬಲ್ಲದು.

ಅಷ್ಟೇ ಮಹತ್ವದ್ದು ‘ತಪ್ಪುಕಾಣಿಕೆ’. ನೇಮ ತಪ್ಪಿದ ಒಕ್ಕಲನ್ನು ಗುಡಿಯಿಂದ ಹೊರದೂಡುವುದಿಲ್ಲ. ಕಾಣಿಕೆಯೊಪ್ಪಿಸಿ ನಡೆಯನ್ನು ಮುಂದುವರಿಸಲು ಅವಕಾಶವಿದೆ. ತಪ್ಪುವುದು ಮನುಷ್ಯಸಹಜ, ಮರಳುವುದು ಮುಖ್ಯ ಎಂಬ ಈ ವಿವೇಕವು ಚಿಕಿತ್ಸಾ ಕೇಂದ್ರಗಳಿಗೂ ಸಲ್ಲುತ್ತದೆ. 2013ರಲ್ಲಿ ದೇಶದಲ್ಲಿ ಆರಂಭವಾದ ‘ವಿಹಾನ್’ ಕಾರ್ಯಕ್ರಮವು ಚಿಕಿತ್ಸೆ ಬಿಟ್ಟವರನ್ನು ಹುಡುಕಿ ಮರಳಿ ಕರೆತರುವ ಕೆಲಸವನ್ನು ಸೋಂಕಿತರ ಬಳಗದ ಮೂಲಕವೇ ಕೈಗೊಂಡಿತು. ಸ್ಥಿರವಾಗಿರುವವರಿಗೆ ಹಲವು ತಿಂಗಳ ಔಷಧಿಯನ್ನು ಒಮ್ಮೆಗೇ ಕೊಡುವುದು, ಗುಳೇ ಹೋಗುವವರ ದಾಖಲೆಯನ್ನು ಬೇರೆ ಊರಿನ ಕೇಂದ್ರಕ್ಕೆ ವರ್ಗಾಯಿಸುವುದು, ಇವೂ ಮರಳುವ ದಾರಿಯನ್ನು ಸುಗಮಗೊಳಿಸುವ ಕ್ರಮಗಳೇ.

ಈ ಹೋಲಿಕೆಗೆ ಮಿತಿಗಳೂ ಇವೆ. ಹರಕೆಯು ಮಾತ್ರೆಗೆ ಬದಲಿಯಲ್ಲ. ಶಾಪ, ಪಾಪಫಲ ಎಂಬ ಮಾತುಗಳು ಜನಪದದಲ್ಲಿ ಎಷ್ಟೇ ಬೇರೂರಿದ್ದರೂ ಸಮಾಲೋಚನೆಯಲ್ಲಿ ಅವುಗಳಿಗೆ ಎಡೆಯಿರಕೂಡದು. ದೇವದಾಸಿ ಪದ್ಧತಿಯನ್ನು ಕರ್ನಾಟಕವು 1982ರ ಕಾಯಿದೆಯಿಂದ ನಿಷೇಧಿಸಿತು. ದೈವದ ಹೆಸರಿನಲ್ಲಿಯೇ ಶೋಷಣೆ ಅನುಭವಿಸಿದ ಆ ಮಹಿಳೆಯರ ಮುಂದೆ ದೈವದ ಉಪಮೆ ನೋವುಂಟುಮಾಡಬಹುದು. ಪರಿಷೆಯ ಪಯಣ ಬಹಿರಂಗವಾದುದು, ಎ.ಆರ್.ಟಿ. ಕೇಂದ್ರದ ಪಯಣ ಬಹುಪಾಲು ಗುಪ್ತವಾದುದು. ಆದ್ದರಿಂದ ಜೊತೆಗಾರರು ಯಾರಿರಬೇಕೆಂಬುದನ್ನು ಸೋಂಕಿತರೇ ನಿರ್ಧರಿಸಬೇಕು. ಅವರ ಒಪ್ಪಿಗೆಯಿಲ್ಲದೆ ಸೋಂಕಿನ ಸಂಗತಿಯನ್ನು ಹೊರಗೆಡಹುವುದನ್ನು 2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್.ಐ.ವಿ. ಕಾಯಿದೆಯೂ ನಿರ್ಬಂಧಿಸುತ್ತದೆ.

ಹೀಗೆ ಜನಪದ ಅಧ್ಯಯನವು ರೋಗದ ಆಚರಣೆಗಳ ದಾಖಲೆಯಲ್ಲಿಯೇ ನಿಲ್ಲಬೇಕಾಗಿಲ್ಲ. ಜನರು ಯಾವ ನುಡಿಯಲ್ಲಿ ಕಾಯಿಲೆಯನ್ನು ಅರಿಯುತ್ತಾರೋ ಆ ನುಡಿಯಲ್ಲಿಯೇ ಚಿಕಿತ್ಸೆಯನ್ನೂ ಅರಿಯುತ್ತಾರೆ. ಸಾಗಹಾಕುವ ನುಡಿಯಿಂದ ನಡೆದುಕೊಳ್ಳುವ ನುಡಿಗೆ ದಾಟಿಸುವುದು ಆಸ್ಪತ್ರೆ ಮತ್ತು ಜಾನಪದ ವಿದ್ವತ್ತು ಕೂಡಿ ಮಾಡಬೇಕಾದ ಕಾರ್ಯವಾಗಿದೆ.