ಗಂಟೆಯೇ ಹೇಳುವ ಕಥೆ

ಪಾಶ್ಚಾತ್ಯ ಸಂಗೀತವೆಂದೊಡನೆ ಅದು ನಮಗೆ ನಿಲುಕದ ವಿದ್ಯೆಯೆಂದು ಹಿಂಜರಿಯುವವರು ಉಂಟು. ಕೆಲವೇ ನಿಮಿಷಗಳಲ್ಲಿ ಮುಗಿಯುವ ಒಂದು ಕಿರುಕೃತಿಯನ್ನು ಹಿಡಿದು ಆ ಸಂಕೋಚವನ್ನು ಕಳೆಯಲು ಯತ್ನಿಸೋಣ.

1880ರಲ್ಲಿ ಮಾಸ್ಕೋ ನಗರದಲ್ಲಿ ಜನಿಸಿದ ನಿಕೊಲಾಯ್ ಮೆಟ್ನರನು ಪಿಯಾನೋ ವಾದ್ಯಕ್ಕಾಗಿ ಮೂವತ್ತಕ್ಕೂ ಮಿಕ್ಕ ಕಿರುಕೃತಿಗಳನ್ನು ರಚಿಸಿ, ಅವನ್ನು 'ಸ್ಕಾಜ್ಕಾ' ಎಂದು ಕರೆದನು. ಕಥೆ ಎಂಬುದೇ ಆ ರಷ್ಯನ್ ಪದದ ಅರ್ಥ. ಅವುಗಳಲ್ಲಿ 1909ರಲ್ಲಿ ರಚಿತವಾದ, ಬಿ ಮೈನರ್ ಶ್ರುತಿಯ ಕಥೆಯೊಂದಕ್ಕೆ 'ಕಾಂಪನೆಲ್ಲಾ', ಎಂದರೆ ಕಿರುಗಂಟೆ, ಎಂದು ಹೆಸರು. ಹೆಸರು ಕಿರಿದಾದರೂ ನಾದವು ಕಿರಿದಲ್ಲ. ಭಾರವಾಗಿ, ಬೆದರಿಸುವಂತೆ ನುಡಿಸಬೇಕೆಂಬುದು ಕರ್ತೃವಿನ ಸೂಚನೆ.

ಪಿಯಾನೋವಿನಲ್ಲಿ ತಂತಿಯನ್ನು ಮೀಟುವುದಿಲ್ಲ. ಪುಟ್ಟ ಸುತ್ತಿಗೆಯು ಅದನ್ನು ಬಡಿಯುತ್ತದೆ. ಬಡಿದೊಡನೆಯೇ ನಾದವು ಕ್ಷೀಣಿಸತೊಡಗುತ್ತದೆ. ವೀಣೆಯಂತೆ ಸ್ವರವನ್ನು ಎಳೆದು ಗಮಕ ಹಿಡಿಯಲು ಅಲ್ಲಿ ಆಸ್ಪದವಿಲ್ಲ. ಇದು ವಾದ್ಯದ ಕೊರತೆಯೆಂದು ನಮಗೆ ತೋರಬಹುದು. ಆದರೆ ಬಡಿತದಿಂದ ಹುಟ್ಟಿ ಮೆಲ್ಲನೆ ಅಡಗುವುದು ಗಂಟೆಯ ಧರ್ಮವೂ ಅಲ್ಲವೇ? ಮೆಟ್ನರನು ಆ ಕೊರತೆಯನ್ನೇ ಗುಣವಾಗಿ ಮಾಡಿಕೊಂಡನು. ಮಂದ್ರದಲ್ಲಿ, ಮೇಲಿನಿಂದ ಕೆಳಗಿಳಿಯುವ ಒಂದು ಚಿಕ್ಕ ಸ್ವರಪುಂಜವು ಗಂಟೆಯಂತೆ ಮತ್ತೆ ಮತ್ತೆ ಮೊಳಗುತ್ತದೆ.

ನಮ್ಮ ತಂಬೂರಿಯ ನಾದವೂ ಎಡೆಬಿಡದೆ ಮರುಕಳಿಸುವಂಥದೇ. ಆದರೆ ತಂಬೂರಿಯು ಗಾಯಕನಿಗೆ ಆಶ್ರಯ. ಈ ಗಂಟೆಯೋ ಆಶ್ರಯವೀಯದು. ಮೇಲಿನ ರಾಗವು ಎತ್ತ ತಿರುಗಿದರೂ ಕೆಳಗಿನ ಮೊಳಗು ಅದನ್ನು ಬಿಡದೆ ಹಿಂಬಾಲಿಸುತ್ತದೆ. ಇದು ಗಂಟೆಯನ್ನು ಕುರಿತ ಕಥೆಯಲ್ಲ, ಗಂಟೆಯೇ ಹೇಳುವ ಕಥೆ ಎಂಬುದು ಮೆಟ್ನರನ ಅಭಿಪ್ರಾಯವಾಗಿತ್ತು. ಆದುದರಿಂದ ಕೇಳುವವರು ಮೊದಲು ಎಡಗೈಯ ಕಡೆಗೆ ಕಿವಿಗೊಡಬೇಕು. ಮೊಳಗು ಬದಲಾಗದಿದ್ದರೂ, ಮೇಲಿನ ಸ್ವರಗಳು ಬದಲಾದಂತೆ ಅದರ ಅರ್ಥವು ಬದಲಾಗುವುದನ್ನು ಆಗ ಕಾಣಬಹುದು.

1921ರಲ್ಲಿ ಸ್ವದೇಶವನ್ನು ತೊರೆದ ಮೆಟ್ನರನು 1935ರಿಂದ ಇಂಗ್ಲೆಂಡಿನಲ್ಲಿ ನೆಲೆಸಿದನು. ಕಾಲದ ರುಚಿಯು ಬೇರೆಡೆಗೆ ಹರಿದರೂ ತನ್ನ ಮಾರ್ಗವನ್ನು ಬಿಡಲಿಲ್ಲ. ಅದರ ಫಲವಾಗಿ ಉಪೇಕ್ಷೆಯನ್ನೂ ಬಡತನವನ್ನೂ ಕಂಡನು. 1940ರ ದಶಕದ ಕೊನೆಯಲ್ಲಿ ಅವನ ಕೃತಿಗಳು ಅವನ ಕೈಯಿಂದಲೇ ಧ್ವನಿಮುದ್ರಿತವಾಗುವಂತೆ ನೆರವಿತ್ತವರು ಮೈಸೂರಿನ ಮಹಾರಾಜರಾದ ಜಯಚಾಮರಾಜ ಒಡೆಯರವರು. ಮೆಟ್ನರನು ತನ್ನ ಮೂರನೆಯ ಪಿಯಾನೋ ಕನ್ಚರ್ಟೋವನ್ನು ಅವರಿಗೆ ಅರ್ಪಿಸಿದನು. 1951ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡನು. ಆ ನೆರವು ಒದಗದಿದ್ದರೆ, ಅವನ ಬೆರಳುಗಳಿಂದ ಹೊಮ್ಮಿದ ಎಷ್ಟೋ ನಾದವು ಬಡಿದ ಗಂಟೆಯ ದನಿಯಂತೆ ಅಡಗಿಹೋಗುತ್ತಿತ್ತು.