ಬರವಣಿಗೆ ಕಲಿಸುವ ಆನ್‌ಲೈನ್ ಕೋರ್ಸು: ಸೇರುವ ಮೊದಲು ತಿಳಿಯಬೇಕಾದದ್ದು

ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ತಮಿಳು, ಮರಾಠಿ ಅಥವಾ ತೆಲುಗು. ಕಾಲೇಜಿಗೆ ಬಂದರೆ ಅಸೈನ್‌ಮೆಂಟ್ ಇಂಗ್ಲಿಷಿನಲ್ಲಿ. ಪಾಠ ಅರ್ಥವಾದರೂ ಎರಡು ಪುಟ ಬರೆಯಲು ಕುಳಿತಾಗ ಪೆನ್ನು ಮುಂದೆ ಹೋಗುವುದಿಲ್ಲ ಎಂಬುದು ಗಡಿನಾಡಿನ ಹಲವು ವಿದ್ಯಾರ್ಥಿಗಳ ಅನುಭವ. ಇಂಥವರಿಗೆ ಈಗ ಆನ್‌ಲೈನ್ ಕೋರ್ಸುಗಳಿವೆ. ಆದರೆ ಬರವಣಿಗೆಯನ್ನು ದೂರದಿಂದ ಕಲಿಸುವುದು ಹೇಗೆ?

ಈ ಪ್ರಯತ್ನ ಹೊಸದೇನಲ್ಲ. 1985ರಲ್ಲಿ ಸ್ಥಾಪನೆಯಾದ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವು ವಿದ್ಯಾರ್ಥಿಗಳಿಂದ ಅಸೈನ್‌ಮೆಂಟ್ ಬರೆಯಿಸಿ, ತಿದ್ದಿ, ಟಿಪ್ಪಣಿ ಸಹಿತ ಹಿಂದಿರುಗಿಸುವ ಕ್ರಮ ಇಟ್ಟುಕೊಂಡಿದೆ. ಕೇಂದ್ರ ಸರಕಾರದ ‘ಸ್ವಯಂ’ ತಾಣ 2017ರ ಜುಲೈಯಲ್ಲಿ ಉದ್ಘಾಟನೆಗೊಂಡಿತು. ಇದರ ಕೋರ್ಸುಗಳಲ್ಲಿ ನಾಲ್ಕು ಭಾಗ: ವಿಡಿಯೋ ಪಾಠ, ಓದುವ ಸಾಮಗ್ರಿ, ತಾನೇ ಮಾಡಿಕೊಳ್ಳುವ ಪರೀಕ್ಷೆ, ಸಂಶಯ ಕೇಳಲು ಚರ್ಚಾ ವೇದಿಕೆ. ಪಾಠ ಉಚಿತ, ಸರ್ಟಿಫಿಕೇಟ್ ಬೇಕಾದರೆ ಶುಲ್ಕ ಕಟ್ಟಿ ಪರೀಕ್ಷೆ ಬರೆಯಬೇಕು. ಒಂದು ಸೆಮಿಸ್ಟರಿನ ಶೇ. 20ರಷ್ಟು ಕೋರ್ಸುಗಳನ್ನು ಸ್ವಯಂ ಮೂಲಕ ಓದಲು ಯುಜಿಸಿ 2016ರಲ್ಲಿ ಅವಕಾಶ ನೀಡಿತ್ತು. 2021ರಲ್ಲಿ ಈ ಮಿತಿಯನ್ನು ಶೇ. 40ಕ್ಕೆ ಏರಿಸಿತು.

ತೊಡಕು ಇರುವುದು ಬೇರೆ ಕಡೆ. ಸಾವಿರಾರು ಮಂದಿ ಸೇರಿದ ಕೋರ್ಸಿನಲ್ಲಿ ಒಬ್ಬ ಅಧ್ಯಾಪಕರು ಎಲ್ಲರ ಪ್ರಬಂಧ ಓದಲಾರರು. ಆದ್ದರಿಂದ ಸರಿ ಉತ್ತರಕ್ಕೆ ಗುರುತು ಹಾಕುವ ಪ್ರಶ್ನೆಗಳು ಹೆಚ್ಚು. ವ್ಯಾಕರಣವನ್ನು ಹೀಗೆ ಪರೀಕ್ಷಿಸಬಹುದು. ಹೇಳಿದ ಮಾತಿಗೆ ಆಧಾರ ಇದೆಯೇ, ಒಂದು ಪ್ಯಾರಾದಿಂದ ಇನ್ನೊಂದಕ್ಕೆ ಹೊಂದಿಕೆ ಇದೆಯೇ ಎಂಬುದನ್ನು ಓದಿದವರೇ ಹೇಳಬೇಕು.

ಈ ಕೊರತೆ ತುಂಬುವುದು ಮಿಶ್ರ ಪದ್ಧತಿ. ಪಾಠದ ವಿಡಿಯೋವನ್ನು ಮನೆಯಲ್ಲಿ ನೋಡುವುದು, ತರಗತಿಯ ಸಮಯವನ್ನು ಬರೆಯಲು ಬಳಸುವುದು. ಮೊದಲ ಕರಡನ್ನು ಸಹಪಾಠಿ ಓದಿ ಅರ್ಥವಾಗದ ಕಡೆ ಗೆರೆ ಹಾಕುತ್ತಾರೆ. ತಿದ್ದಿ ಬರೆದದ್ದನ್ನು ಅಧ್ಯಾಪಕರು ನೋಡುತ್ತಾರೆ. ಅಂಕ ಸಿಗುವುದು ಮತ್ತೊಮ್ಮೆ ತಿದ್ದಿದ ಮೇಲೆ. ಬರಹ ಕಳುಹಿಸಲು ವಿಡಿಯೋಗೆ ಬೇಕಾದಷ್ಟು ಡಾಟಾ ಬೇಡ; ನೆಟ್‌ವರ್ಕ್ ದುರ್ಬಲವಾದ ಊರುಗಳಿಗೆ ಇದೊಂದು ಅನುಕೂಲ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ನಂತರ ಕರಡುಗಳ ಮಹತ್ವ ಇನ್ನೂ ಹೆಚ್ಚಿದೆ. ಯಂತ್ರ ಬರೆದ ಪ್ರಬಂಧವನ್ನು ಒಪ್ಪಿಸಿದರೆ ಅಂಕ ಸಿಗಬಹುದು, ಬರವಣಿಗೆ ಬರುವುದಿಲ್ಲ. ಮುಂದೆ ಉದ್ಯೋಗದ ಪರೀಕ್ಷೆಯಲ್ಲಿ ಕಾಗದದ ಮುಂದೆ ಕುಳಿತಾಗ ನಷ್ಟ ವಿದ್ಯಾರ್ಥಿಗೇ.

ಸೇರುವ ಮೊದಲು ಮೂರು ವಿಷಯ ವಿಚಾರಿಸಿ. ಬರೆದದ್ದನ್ನು ಯಾರು ಓದುತ್ತಾರೆ? ತಿದ್ದಿ ಮತ್ತೆ ಕೊಡಲು ಅವಕಾಶ ಇದೆಯೇ? ಈ ಕ್ರೆಡಿಟನ್ನು ನಿಮ್ಮ ವಿಶ್ವವಿದ್ಯಾಲಯ ಒಪ್ಪುತ್ತದೆಯೇ? ಇಂಗ್ಲಿಷ್ ಕಷ್ಟವಾದರೆ ಹೇಳಬೇಕಾದ ಅಂಶಗಳನ್ನು ಮೊದಲು ಕನ್ನಡದಲ್ಲಿ ಪಟ್ಟಿ ಮಾಡಿಕೊಳ್ಳಿ. ವಿಷಯ ಸ್ಪಷ್ಟವಾದರೆ ಭಾಷೆಯನ್ನು ತಿದ್ದಿಕೊಳ್ಳುವುದು ಸುಲಭ.