ಸ್ಕೇಲು ಹಿಡಿದು ಮೆದುಳು ಅಳೆದೆವು

ಬಿ.ಎಸ್ಸಿ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ನಾವು ಮೂವರು ಗೆಳತಿಯರು ಆರಿಸಿಕೊಂಡ ವಿಷಯ ಮೆದುಳು. ಒಬ್ಬಳು ಸಿಂಧನೂರಿನವಳು, ಇನ್ನೊಬ್ಬಳು ಲಿಂಗಸುಗೂರಿನವಳು, ನಡುವಿನ ಮಸ್ಕಿಯವಳು ನಾನು. ಮೆದುಳಿನ ಚಿತ್ರ ತೆಗೆಯುವ ಯಂತ್ರ ನಮಗೆಲ್ಲಿ ಸಿಗಬೇಕು? ಕೈಯಲ್ಲಿದ್ದದ್ದು 30 ಸೆಂ.ಮೀ. ಸ್ಕೇಲು.

ಒಬ್ಬರು ಸ್ಕೇಲು ಬಿಡಬೇಕು, ಇನ್ನೊಬ್ಬರು ಎರಡು ಬೆರಳಲ್ಲಿ ಹಿಡಿಯಬೇಕು. 20 ಸೆಂ.ಮೀ. ಜಾರಿದ್ದರೆ ಸುಮಾರು 0.2 ಸೆಕೆಂಡು ಕಳೆದಿದೆ ಎಂದರ್ಥ. ಕಣ್ಣು ಕಂಡದ್ದು ಮೆದುಳಿಗೆ ಹೋಗಿ, ಅಲ್ಲಿಂದ ಬೆರಳಿಗೆ ಆಜ್ಞೆ ಬರಲು ಬೇಕಾದ ಹೊತ್ತು ಅದು. ಹಾಸ್ಟೆಲ್ ಹುಡುಗಿಯರನ್ನು ಪರೀಕ್ಷೆಗೆ ನಿದ್ದೆಗೆಟ್ಟಾಗ ಒಮ್ಮೆ, ರಜೆಯಲ್ಲಿ ಚೆನ್ನಾಗಿ ಮಲಗೆದ್ದಾಗ ಮತ್ತೊಮ್ಮೆ ಅಳೆದೆವು. ಎರಡನೇ ಸಲ ಬಹಳಷ್ಟು ಮಂದಿ ಬೇಗ ಹಿಡಿದರು. ನಮಗೋ ಹಿಗ್ಗು!

ಅಷ್ಟರಲ್ಲಿ ಮೊಬೈಲಿಗೆ ಒಂದು ಸಂದೇಶ: ಹಣ ಕಟ್ಟಿದರೆ ಮೂರೇ ದಿನದಲ್ಲಿ ‘ಅಂತರರಾಷ್ಟ್ರೀಯ’ ಪತ್ರಿಕೆಯಲ್ಲಿ ಲೇಖನ ಪ್ರಕಟ. ಮೂವರೂ ರೊಕ್ಕ ಕೂಡಿಸಿದೆವು. ಮೇಡಂಗೆ ಹೇಳಿದಾಗ ಅವರು ನಕ್ಕು, ‘ರೊಕ್ಕ ಕೊಟ್ರ ಹೆಸರು ಅಚ್ಚಾಗತೈತಿ. ಕೆಲಸ ಖರೆ ಐತಿ ಅಂತ ಯಾರು ನೋಡಿದ್ರವ್ವಾ?’ ಎಂದರು. ಆಮೇಲೆ ಒಂದೇ ಪ್ರಶ್ನೆ: ‘ಬೇಗ ಹಿಡಿದಿದ್ದು ನಿದ್ದಿಯಿಂದೋ, ಒಮ್ಮೆ ಆಡಿ ರೂಢಿ ಆಗಿದ್ದಕ್ಕೋ?’

ನಮ್ಮ ಬಾಯಿ ಕಟ್ಟಿತು. ಅರ್ಧ ಹುಡುಗಿಯರನ್ನು ನಿದ್ದೆ ಮಾಡಿದ ದಿನವೇ ಮೊದಲು ಅಳೆಯಬೇಕಿತ್ತು.

ಮೇಡಂ ಇಂಗ್ಲೆಂಡಿನ ಬ್ಲಾಕಾಟನ್ ಹಳ್ಳಿ ಶಾಲೆಯ ಕಥೆ ಹೇಳಿದರು. ಅಲ್ಲಿನ 8ರಿಂದ 10 ವರ್ಷದ 25 ಮಕ್ಕಳು ದುಂಬಿಗಳು ಬಣ್ಣ, ವಿನ್ಯಾಸ ನೋಡಿ ಹೂವು ಹುಡುಕುವುದನ್ನು ಕಲಿಯುತ್ತವೆಂದು ತೋರಿಸಿದರು. ಬಣ್ಣದ ಪೆನ್ಸಿಲ್ಲಿನಲ್ಲಿ ಬರೆದ ಚಿತ್ರಗಳೊಂದಿಗೆ ಅದು 2010ರಲ್ಲಿ ‘ಬಯಾಲಜಿ ಲೆಟರ್ಸ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಪದವಿ ವಿದ್ಯಾರ್ಥಿಗಳ ನರವಿಜ್ಞಾನ ಬರಹಗಳಿಗೆಂದೇ ‘ಇಂಪಲ್ಸ್’ ಎಂಬ ಪತ್ರಿಕೆಯಿದೆ. ಬಂದ ಲೇಖನಗಳನ್ನು ವಿದ್ಯಾರ್ಥಿಗಳೇ ಒರೆಗೆ ಹಚ್ಚುತ್ತಾರೆ.

ಕೂಡಿಸಿದ ರೊಕ್ಕ ಮತ್ತೆ ಹಂಚಿಕೊಂಡೆವು. ಸ್ಕೇಲು ಮಾತ್ರ ಬಿಟ್ಟಿಲ್ಲ. ಈ ಸಲ ಸರದಿ ಅದಲುಬದಲು ಮಾಡಿ ಮೊದಲಿಂದ ಅಳೆಯುತ್ತಿದ್ದೇವೆ. ನಮ್ಮ ತಪ್ಪನ್ನೂ ಬರೆದಿಟ್ಟಿದ್ದೇವೆ.

ನಮ್ಮೂರ ಬಂಡೆಯ ಮೇಲಿನ ಶಾಸನ 1915ರಲ್ಲಿ ಬೆಳಕಿಗೆ ಬಂತು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದು ಅದರಿಂದ ಖಚಿತವಾಯಿತು. ಯಾರು ಬೇಕಾದರೂ ಬಂದು ಓದಿ ನೋಡಬಹುದಾದ ಸಾಕ್ಷಿ ಅದು. ನಮ್ಮ ಲೇಖನ ಅಚ್ಚಾಗುವುದು ತಡವಾಗಲಿ, ಹಾಗೇ ಇರಲಿ ಎಂಬುದು ನಮ್ಮ ಆಸೆ.